ದಾವಣಗೆರೆ ಎಕ್ಸ್‌ಪ್ರೆಸ್ ಕೊನೆ ಸ್ಟೇಷನ್ನಿಗೆ ಬಂತು: ವಿನಯ್ ಕುಮಾರ್ ರಿಟೈರ್ಮೆಂಟ್, ಬನ್ರಪ್ಪಾ ಮಾತಾಡೋಣ

ಹರಿಹರದ_ಹುಡುಗ
26 ಫೆಬ್ರವರಿ 2021

ಸಂಜೆಯಿಂದ ಟಿವಿ ಹಾಕ್ಕೊಂಡು ಕೂತೀನಿ, ಯಾವ ಚಾನೆಲ್ ತಿರುಗ್ಸಿದ್ರೂ ಯೂಸುಫ್ ಪಠಾಣ್ ರಿಟೈರ್ ಆದ್ರು ಯೂಸುಫ್ ಪಠಾಣ್ ರಿಟೈರ್ ಆದ್ರು ಅಂತ ಒಂದೇ ಸಮ. ಆಗ್ಲಿ ಬಿಡ್ರಿ, ಎರಡು ವರ್ಲ್ಡ್ ಕಪ್ ಟೀಮಲ್ಲಿ ಇದ್ದ ಮನುಷ್ಯ, ತೋರಿಸ್ಲಿ. ಆದ್ರೆ ಅದೇ ದಿನ ನಮ್ಮ ದಾವಣಗೆರೆ ವೇಗದ ಬೌಲರ್ ವಿನಯ್ ಕುಮಾರೂ ಕ್ರಿಕೆಟ್ ಬಿಟ್ಟಿದಾರೆ ಅನ್ನೋದು ಕೆಳಗಡೆ ಪಟ್ಟೀಲಿ ಒಂದ್ಸಲ ಓಡಿ ಹೋತು ಅಷ್ಟೇ. 139 ಫಸ್ಟ್ ಕ್ಲಾಸ್ ಮ್ಯಾಚು, 504 ವಿಕೆಟ್. ರಾಜ್ಯಗಳ ನಡುವಿನ ರಣಜಿ ಟ್ರೋಫೀಲಿ 442, ಇಷ್ಟು ವಿಕೆಟ್ ಯಾವ ವೇಗದ ಬೌಲರೂ ತಗಂಡಿಲ್ಲ ಇಲ್ಲೀವರೆಗೆ. ಕ್ಯಾಪ್ಟನ್ ಆಗಿ ಸತತ ಎರಡು ವರ್ಷ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕಪ್ಪನ್ನ ಗೆದ್ದು ತಂದವ್ರು. ಇದಕ್ಕೆ ಒಂದು ಪಟ್ಟಿ ಸಾಲು!

ಸಿಟ್ಟು ಬಂತು, ಅದಕ್ಕೆ ಇಲ್ಲಿ ಶುರು ಮಾಡಿದೀನಿ. ಯಾರ್ಯಾರಿಗೆ ಏನೇನು ನೆನಪೈತೋ ಹಾಕ್ರಿ. ಆಸ್ಟ್ರೇಲಿಯಾ ಮೇಲೆ ಒಂದು ಏಕದಿನದಲ್ಲಿ ಕೊಟ್ಟ ನೂರಾ ಎರಡು ರನ್ನಿನ ಜೋಕು ಮಾತ್ರ ಬ್ಯಾಡ, ಅದನ್ನ ಏಳೆಂಟು ವರ್ಷದಿಂದ ಕೇಳಿ ಕೇಳಿ ಸಾಕಾಗೈತೆ.

ಬಸವನಗುಡಿ_ಬೌನ್ಸರ್

ಫಸ್ಟ್ ಕಾಮೆಂಟ್ ನಂದೇ. ನನಗೆ ವಿನಯ್ ಅಂದ್ರೆ 2015ರ ರಣಜಿ ಸೆಮಿಫೈನಲ್ಲು, ಮುಂಬೈ ಮೇಲೆ, ಚಿನ್ನಸ್ವಾಮೀಲಿ. ನಾವು 202ಕ್ಕೆ ಆಲೌಟ್ ಆದಾಗ ಸುತ್ತ ಕೂತಿದ್ದೋರೆಲ್ಲ ಮುಗೀತು ಗುರು ಮನೆಗೆ ಹೋಗೋಣ ಅಂತ ಬ್ಯಾಗ್ ಎತ್ಕೊಂಡ್ರು, ನಾನು ಮೆಟ್ರೋ ರಷ್ ಕಮ್ಮಿಯಾಗ್ಲಿ ಅಂತ ಸುಮ್ನೆ ಕೂತಿದ್ದೆ ಅಷ್ಟೇ, ನೋಡಿದ್ರೆ ಮುಂಬೈ 44 ಆಲೌಟ್!! ನಲವತ್ತನಾಲ್ಕು!! ವಿನಯ್ 20 ರನ್ನಿಗೆ 6 ವಿಕೆಟ್. ಮುಂಬೈ ಟೀಮ್ ಅಂದ್ರೆ ಏನು, ನಲವತ್ತು ರಣಜಿ ಗೆದ್ದಿದ್ದ ಟೀಮು, ಹದಿನಾರು ಓವರ್ ಕೂಡ ನಿಲ್ಲಕ್ಕಾಗ್ಲಿಲ್ಲ.

ಪಿಚ್ ಮೇಲೆ ಹುಲ್ಲಿತ್ತು ಅಂತಾರೆ ಕೆಲವ್ರು. ಇತ್ತು. ಎರಡೂ ಟೀಮಿಗೂ ಅದೇ ಹುಲ್ಲು ತಾನೇ.

ನೇರ_ಮಾತು

ಎಲ್ಲರೂ ಬೈಬೇಡಿ, ನೇರವಾಗಿ ಹೇಳ್ತೀನಿ. ಡೊಮೆಸ್ಟಿಕ್ಕಲ್ಲಿ ದೊಡ್ಡ ಬೌಲರ್, ಒಪ್ಕೋತೀನಿ. ಆದ್ರೆ ಇಂಟರ್ನ್ಯಾಷನಲ್ ಲೆವೆಲ್ಲಿಗೆ ಸಾಲ್ತಿರಲಿಲ್ಲ, ಇದನ್ನ ಹೇಳಿದ್ರೆ ಕನ್ನಡ ದ್ರೋಹಿ ಅಂತೀರ. ಒಂದು ಟೆಸ್ಟು, 31 ಏಕದಿನ, 9 ಟಿ20. ಅವಕಾಶಾನೇ ಸಿಗ್ಲಿಲ್ಲ ಅಂತ ಹೇಳೋ ಹಾಗಿಲ್ಲ, ಮೂವತ್ತೊಂದು ಏಕದಿನ ಅಂದ್ರೆ ಕಮ್ಮಿ ಅಲ್ಲ. ಸ್ಪೀಡು 130 ದಾಟೋದೇ ಕಷ್ಟ, ಬಾಲ್ ಸ್ವಿಂಗ್ ನಿಂತ್ ಮೇಲೆ ಬ್ಯಾಟ್ಸ್‌ಮನ್ ಕಣ್ಮುಚ್ಕೊಂಡು ಹೊಡೀತಿದ್ರು. ಆ ಒಂದು ಟೆಸ್ಟಲ್ಲಿ, ಪರ್ತಲ್ಲಿ, ಆಸ್ಟ್ರೇಲಿಯಾದ ವಾರ್ನರ್ 69 ಬಾಲಿಗೆ ಸೆಂಚುರಿ ಹೊಡೆದ, ಆ ಸೆಂಚುರಿ ಸಿಕ್ಸರ್ ಯಾರ ಬಾಲಿಗೆ? ವಿನಯ್ ಬಾಲಿಗೇ.

ಹರಿಹರದ_ಹುಡುಗ

ಬಂದ ನೋಡ್ರಲೇ. ಎರಡನೇ ಕಾಮೆಂಟಿಗೇ ಬಂದ.

ಪೆವಿಲಿಯನ್_ಅಂಕಲ್

ನೇರಮಾತು ಅವರೇ, ಪರ್ತ್ ಟೆಸ್ಟ್ ನಾನು ಬೆಳಗಿನ ಜಾವ ಎದ್ದು ಕೂತು ನೋಡಿದವನು, ಸ್ವಲ್ಪ ಹೇಳ್ತೀನಿ. 2012 ಜನವರಿ. ಭಾರತ ಮೊದಲು ಬ್ಯಾಟ್ ಮಾಡಿ 161ಕ್ಕೆ ಔಟ್. ಮೊದಲ ದಿನದ ಆಟ ಮುಗಿಯೋಕೆ ಮುಂಚೆ ಆಸ್ಟ್ರೇಲಿಯಾ ವಿಕೆಟ್ ಇಲ್ಲದೆ 149. ಜಹೀರ್ ಇದ್ರು, ಇಶಾಂತ್ ಇದ್ದ, ಉಮೇಶ್ ಇದ್ದ, ನಾಲ್ಕೂ ಜನ ತಿಂದ್ರು ಆವತ್ತು ಏಟು. ಓಪನಿಂಗ್ ಜೋಡಿ 214 ಹಾಕಿದ ಮೇಲೇ ಮೊದಲ ವಿಕೆಟ್ ಬಿದ್ದಿದ್ದು. ಇದರಲ್ಲಿ ಮೊದಲ ಟೆಸ್ಟ್ ಆಡ್ತಾ ಇದ್ದ ಹುಡುಗನೊಬ್ಬನ ಹೆಸರು ಮಾತ್ರ ಜನ ನೆನಪಿಟ್ಕೊಂಡಿದಾರೆ. 13 ಓವರು, 73 ರನ್ನು, ಒಂದು ವಿಕೆಟ್, ಅದೂ ಮೈಕ್ ಹಸ್ಸಿ ವಿಕೆಟ್. ಅಲ್ಲಿಗೆ ಮುಗೀತು ಅವನ ಟೆಸ್ಟ್ ಜೀವನ. ಹದಿಮೂರೇ ಓವರ್!

ವಿನಯ್‌ನ ಬೌಲಿಂಗ್ ನೋಡಿದವರಿಗೆ ಗೊತ್ತಿರತ್ತೆ, ಅವನು ವಾಕಾ (ಪರ್ತ್ ಗ್ರೌಂಡು) ಬೌಲರ್ ಅಲ್ಲವೇ ಅಲ್ಲ. ಪುಟೀಬೇಕು, ಎದೆ ಎತ್ತರಕ್ಕೆ ಬರಬೇಕು ಅನ್ನೋ ಕಡೆ ಅವನನ್ನ ಇಳಿಸಿದ್ದೇ ತಪ್ಪು. ಅದೇ ವರ್ಷ ಇಂಗ್ಲೆಂಡಲ್ಲೋ ಇಲ್ಲ ನಮ್ಮಲ್ಲೇ ಡಿಸೆಂಬರ್ ಮುಂಜಾನೆ ಮೋಡ ಇರುವಾಗಲೋ ಹೊಸ ಬಾಲ್ ಕೊಟ್ಟಿದ್ರೆ ಕಥೆ ಬೇರೆ ಇರ್ತಿತ್ತು ಅನ್ನೋದು ನನ್ನ ನಂಬಿಕೆ. ನಂಬಿಕೆ ಅಷ್ಟೇ, ವಾದ ಮಾಡಲ್ಲ.

ಅಂದ ಹಾಗೆ ನಮ್ಮ ವೇಗದ ಬೌಲರ್ ದೊಡ್ಡ ಗಣೇಶನಿಗೂ ನಾಲ್ಕೇ ಟೆಸ್ಟು. ಹೊಸದಲ್ಲ ಇದು ನಮಗೆ.

ಕುಡ್ಲ_ಕಟ್ಟರ್

ಅಂಕಲ್ ಹೇಳಿದ್ದು ಸರಿ ಉಂಟು ಮಾರಾಯ್ರೆ. ನಾನು ಕ್ಲಬ್ ಲೆವೆಲಲ್ಲಿ ಬಾಲ್ ಹಾಕುವವ, ಹಾಗಾಗಿ ಅವರ ಬೌಲಿಂಗನ್ನು ಬೇರೆ ಕಣ್ಣಲ್ಲೇ ನೋಡುವುದು. ರನ್‌ಅಪ್ ದೊಡ್ಡದಲ್ಲ, ಜಂಪ್ ಕೂಡ ದೊಡ್ಡದಲ್ಲ, ಆದ್ರೆ ಬಾಲ್ ಕೈಯಿಂದ ಬಿಡುವಾಗ ಮಣಿಕಟ್ಟು ಬಾಲಿನ ಹಿಂದೆ ನೆಟ್ಟಗೆ, ಸೀಮ್ (ಬಾಲಿನ ಹೊಲಿಗೆ) ಒಂಚೂರೂ ಅಲ್ಲಾಡದೆ ಮೊದಲ ಸ್ಲಿಪ್ ಕಡೆ ಮುಖ ಮಾಡಿ ಹೋಗ್ತದೆ. ಸ್ಟಂಪಿನ ಪಕ್ಕದಿಂದಲೇ ಹಾಕುವುದು, ಸೋ ಬ್ಯಾಟ್ಸ್‌ಮನ್‌ಗೆ ಬಿಡ್ಲಿಕ್ಕೂ ಧೈರ್ಯ ಇಲ್ಲ ಆಡ್ಲಿಕ್ಕೂ ಧೈರ್ಯ ಇಲ್ಲ. ನಾಲ್ಕು ಬಾಲ್ ಹೊರಗೆ ಹೋಗ್ತದೆ, ಐದನೆಯದ್ದು ಅದೇ ಜಾಗದಲ್ಲಿ ಬಿದ್ದು ಒಳಗೆ ಬರ್ತದೆ, ಎಲ್‌ಬಿ. ಲೆಗ್ ಕಟ್ಟರ್ ಬೇರೆ ಉಂಟು, ಹಳೇ ಬಾಲಲ್ಲಿ. ಬೆರಳನ್ನು ಬಾಲಿನ ಎಡಗಡೆಯಿಂದ ಕೆಳಗೆ ಎಳೆದು ಬಿಡುವುದು, ನಾನು ಎಷ್ಟೋ ಸಲ ಟ್ರೈ ಮಾಡಿದ್ದೇನೆ, ನನ್ನದು ಫುಲ್‌ಟಾಸ್ ಆಗ್ತದೆ.

ಸ್ಪೀಡ್ ಗನ್ನಲ್ಲಿ ಇದೆಲ್ಲ ಬರುದಿಲ್ಲ ನೇರಮಾತು.

ನೇರ_ಮಾತು

ಬರಲ್ಲ, ಆದ್ರೆ ಸ್ಕೋರ್‌ಬೋರ್ಡಲ್ಲಿ ಬರತ್ತೆ. 2013ರಲ್ಲಿ ಸ್ವಂತ ಗ್ರೌಂಡಲ್ಲಿ 9 ಓವರಿಗೆ 102. ಹೇಳ್ಬೇಡ ಅಂದ್ರೂ ಹೇಳ್ತೀನಿ ಸಾರಿ.

ಹುಬ್ಳಿ_ಮಂದಿ

ಏ ತಮ್ಮಾ ನೇರಮಾತು, ಆ ಮ್ಯಾಚಿನ ಪೂರ್ತಿ ಸ್ಕೋರ್‌ಕಾರ್ಡ್ ನೋಡಿಯೇನು ನೀ? ಅಥ್ವಾ ಬರೇ ಮೀಮ್ ನೋಡಿಯೋ? ರೋಹಿತ್ 209 ಹೊಡೆದಿದ್ದ ಮ್ಯಾಚ್ ಅದು. ನಾವು 383, ಅವ್ರು 326. ಎರಡೂ ಕಡೀಂದ ಸೇರಿ 38 ಸಿಕ್ಸರ್ ಬಿದ್ದಾವ, ಅಷ್ಟ ಸಣ್ಣ ಗ್ರೌಂಡು, ಚಪ್ಪಟ್ ಪಿಚ್ಚು. ಆಗಿನ ರೂಲ್ ಒಂದು ನೆನಪ ಮಾಡ್ಕೊ, ಸರ್ಕಲ್ ಹೊರಗ ನಾಕs ಮಂದಿ ನಿಲ್ಲಬೇಕು, ಮ್ಯಾಲೆ ಎರಡೂ ತುದೀಗೆ ಒಂದೊಂದು ಹೊಸಾ ಬಾಲು, ರಿವರ್ಸ್ ಸ್ವಿಂಗ್ ಅನ್ನೂದು ಮರ್ತಬಿಡು. ಆ ಸೀರೀಸ್‌ನ್ಯಾಗ ಯಾವ ಬೌಲರ್ ಉಳದಾನ ಹೇಳು. ಜೈಪುರದಾಗ ಆಸ್ಟ್ರೇಲಿಯಾದವರ 359 ನಾವು ಒಂದs ವಿಕೆಟ್ ಕಳಕೊಂಡು ಹೊಡೆದ್ವಿ. ನಾಗಪುರದಾಗ 350. ಮೊಹಾಲಿಯೊಳಗ ಇಶಾಂತನ ಒಂದ ಓವರಿಗೆ ಫಾಕ್ನರ್ 30 ಹೊಡೆದ. ಇಶಾಂತ ಆಮ್ಯಾಲೆ ನೂರು ಟೆಸ್ಟ್ ಆಡಿದ, ನಿನ್ನೆ ಅಹಮದಾಬಾದಿನ್ಯಾಗ ಮುಗೀತಲಾ ಅದ ಅವನ ನೂರನೇದು. ವಿನಯ್‌ಗೆ ಮಾತ್ರ ಆ 102ರ ಮ್ಯಾಚ್ ಕಡೀ ಏಕದಿನ ಆತು. ಇದಕ್ಕೇನಂತಿ?

ಕರ್ನಾಟಕ ಲೀಗಿನ್ಯಾಗ ನಮ್ಮ ಹುಬ್ಳಿ ಟೈಗರ್ಸಿಗೆ ಕ್ಯಾಪ್ಟನ್ ಆಗಿದ್ದಾಗ ಹತ್ರದಿಂದ ನೋಡೀನಿ ಅಂವನ್ನ, ಬೌಂಡರಿ ಲೈನಿಗೆ ಬಂದಾಗ ಮಂದಿ ಏನೇನೋ ಒದರತಿದ್ರು, ಈ 102 ಸುದ್ದಿನೂ ಒದರಿದ್ರು, ತಿರುಗಿ ನೋಡಿ ನಕ್ಕು ಹ್ವಾದ.

ಬಸವನಗುಡಿ_ಬೌನ್ಸರ್

ಆ ಮ್ಯಾಚು ನರಕ ಚತುರ್ದಶಿ ದಿನ, ನಾಳೆ ಬೆಳಗಾದ್ರೆ ದೀಪಾವಳಿ ಅನ್ನೋ ಹಾಗೆ. ಹೊರಗಡೆ ಪಟಾಕಿ, ಒಳಗಡೆ ಫಾಕ್ನರ್. 73 ಬಾಲಿಗೆ 116. ಗೆದ್ವಿ ಆದ್ರೂ ನಮ್ ಸ್ಟ್ಯಾಂಡಲ್ಲೇ ಕೆಲವ್ರು ನಮ್ ಹುಡುಗನ್ನೇ ಅಂತಿದ್ರು. ಹೋಮ್ ಗ್ರೌಂಡ್ ಅಂತೆ ಹೋಮ್ ಗ್ರೌಂಡು 😡

ಆರ್‌ಸಿಬಿ_ಸಂಕಟ

ಐಪಿಎಲ್ ವಿಷ್ಯಾನೂ ಬರ್ಲಿ ಸ್ವಲ್ಪ. 105 ಮ್ಯಾಚಿಗೆ 105 ವಿಕೆಟ್, ಕಮ್ಮೀನಾ? 2013ರ ಸೀಸನ್ನಲ್ಲಿ 23. ಆದ್ರೆ ಜನಕ್ಕೆ ನೆನಪಿರೋದು ಕೊನೆ ಓವರ್‌ಗಳು ಮಾತ್ರ. 2012ರಲ್ಲಿ ನಮ್ ಆರ್‌ಸಿಬಿ ಚೆನ್ನೈ ಮೇಲೆ ಆಡಿದ ಚೆಪಾಕ್ ಮ್ಯಾಚು ತಗೊಳ್ಳಿ, ಸಿಎಸ್‌ಕೆಗೆ 206 ಬೇಕಿತ್ತು, ಹತ್ತೊಂಬತ್ತನೇ ಓವರ್ ಕೊಹ್ಲಿ ಕೈಗೆ ಕೊಟ್ರು, ಆಲ್ಬಿ ಮಾರ್ಕೆಲ್ 28 ಬಾರಿಸ್ದ. 28!! ಕೊನೆ ಓವರಿಗೆ 15 ಉಳೀತು, ವಿನಯ್ ಕೊನೇ ಬಾಲ್ ತನಕ ಎಳ್ಕೊಂಡು ಹೋದ್ರು, ಜಡೇಜಾ ಫೋರ್ ಹೊಡೆದು ಮುಗಿಸ್ದ. ಮಾರನೇ ದಿನ ಆಫೀಸಲ್ಲಿ ಬೈಸ್ಕೊಂಡಿದ್ದು ಯಾರು ಅಂದ್ರೆ ವಿನಯ್. ಕೊಹ್ಲಿ ಅಲ್ಲ. ನಾನು ಕೊಹ್ಲಿ ಫ್ಯಾನೇ, ಆದ್ರೂ ಹೇಳ್ತಿದೀನಿ.

ಆಮೇಲೆ ಹೈದ್ರಾಬಾದಿನ ಆ ಸೂಪರ್ ಓವರ್… ಬೇಡ ಬಿಡಿ, ಅದರಲ್ಲಿ ವಿನಯ್‌ಗೆ ಸಿಕ್ಸರ್ ಹೊಡೆದ ಕ್ಯಾಮರೂನ್ ವೈಟ್ ಹೆಸ್ರು ತೆಗೀಬೇಡಿ.

ನೇರ_ಮಾತು

ನೀವೇ ತೆಗೆದ್ರಿ, ನಾನಲ್ಲ 😀

ಗಂಗೋತ್ರಿ_2010

ಐಪಿಎಲ್, ಮೀಮು ಎಲ್ಲ ಸ್ವಲ್ಪ ಬದಿಗಿಡ್ತೀರಾ? ನಾನು ಆವಾಗ ಮೈಸೂರಿನ ಮಾನಸಗಂಗೋತ್ರೀಲಿ ಎಂಎಸ್ಸಿ ಮಾಡ್ತಿದ್ದೆ, 2010 ಜನವರಿ ರಣಜಿ ಫೈನಲ್ ನಮ್ ಕ್ಯಾಂಪಸ್ ಪಕ್ಕದ ಗಂಗೋತ್ರಿ ಗ್ಲೇಡ್ಸಲ್ಲೇ ನಡೀತು, ಕರ್ನಾಟಕ ಮುಂಬೈ. ನಾವು ಹುಡ್ಗೀರು ಆರೇಳು ಜನ ಮೊದಲನೇ ದಿನ ಸುಮ್ನೆ ಟೈಮ್ ಪಾಸಿಗೆ ಹೋದ್ವಿ, ಕೊನೇ ದಿನದ ಹೊತ್ತಿಗೆ ಲ್ಯಾಬ್ ಖಾಲಿ, ಲೈಬ್ರರಿ ಖಾಲಿ, ಮೇಷ್ಟ್ರುಗಳೂ ಅಲ್ಲೇ. ಕೂರಕ್ಕೆ ಜಾಗ ಇಲ್ಲದೆ ಮರದ ಮೇಲೆ ಕೂತಿದ್ರು ಜನ. 338 ಬೇಕಿತ್ತು, ಮನೀಶ್ ಪಾಂಡೆ 144 ಹೊಡೆದ, ನಾವು ಆರೇ ಆರು ರನ್ನಲ್ಲಿ ಸೋತ್ವಿ.

ಎಲ್ರೂ ಆ ಚೇಸ್ ಬಗ್ಗೇನೇ ಮಾತಾಡ್ತಾರೆ. ನಂಗೆ ನೆನಪಿರೋದು ಬೌಲಿಂಗು. ಮುಂಬೈನ ಎರಡೂ ಇನ್ನಿಂಗ್ಸಲ್ಲೂ 230ರ ಆಸುಪಾಸಿಗೆ ಔಟ್ ಮಾಡಿದ್ವಿ ನಾವು, ಒಂದ್ ಕಡೆ ಮಿಥುನ್ ಹೊಸ ಹುಡ್ಗ, ಉದ್ದ, ಓಡಿ ಬರೋದು ನೋಡಿದ್ರೇ ಭಯ ಆಗೋದು, ಇನ್ನೊಂದ್ ಕಡೆ ಈ ಮನುಷ್ಯ ಯಾವ ಸದ್ದೂ ಇಲ್ದೆ ಒಂದೇ ಜಾಗಕ್ಕೆ ಹಾಕ್ತಾ ಹಾಕ್ತಾ ಹಾಕ್ತಾ. ಹಗ್ಗದ ಪಕ್ಕದಲ್ಲೇ ಕೂತಿದ್ವಿ, ಫೈನ್ ಲೆಗ್ಗಿಗೆ ಬಂದಾಗ ಮುಖ ಪೂರ್ತಿ ಕೆಂಪು ಧೂಳು, ಪ್ಯಾಂಟಿನ ಬಲಗಡೆ ತೊಡೆ ಮೇಲೆ ಬಾಲ್ ಉಜ್ಜಿ ಉಜ್ಜಿ ಇಷ್ಟಗಲ ಕೆಂಪು ಕಲೆ. ನನ್ ಫ್ರೆಂಡ್ ಒಬ್ಳು ಈ ಕಲೆ ಯಾರು ಒಗೀತಾರೆ ಅಂತ ಜೋರಾಗೇ ಕೇಳಿಬಿಟ್ಲು, ಅವ್ರಿಗೆ ಕೇಳಿಸ್ತೋ ಏನೋ ಒಂದ್ಸಲ ತಿರುಗಿ ನೋಡಿದ್ರು, ನಾವೆಲ್ಲ ತಲೆ ಬಗ್ಗಿಸ್ಕೊಂಡ್ವಿ 😂

ಆ ಸೀಸನ್ನಲ್ಲಿ ಮಿಥುನ್ 47 ವಿಕೆಟ್ ಅಂತ ಎಲ್ಲಾ ಪೇಪರಲ್ಲೂ ಬಂತು. ವಿನಯ್‌ದು ಎಷ್ಟು ಗೊತ್ತಾ? 46.

ಹರಿಹರದ_ಹುಡುಗ

ಅಕ್ಕಾ ಸೂಪರ್. ಇದಕ್ಕೇ ನಾನು ಶುರು ಮಾಡಿದ್ದು.

ಒಂದು ಮಾತು ಬೆಂಗಳೂರಿನವರಿಗೆ ಅಷ್ಟಾಗಿ ಅರ್ಥ ಆಗಲ್ಲ ಅನ್ಸುತ್ತೆ. ನಮ್ಮ ಕಡೆ ಹುಡುಗ್ರು ಟೆನಿಸ್ ಬಾಲಲ್ಲಿ ಎಷ್ಟೇ ಜೋರು ಹಾಕಿದ್ರೂ ಅದು ಹೈಸ್ಕೂಲ್ ಫೀಲ್ಡಿಗೇ ಮುಗೀತು. ಲೆದರ್ ಬಾಲ್ ಕೊಡ್ಸೋರಿಲ್ಲ, ಟರ್ಫ್ ವಿಕೆಟ್ ಕಂಡೋರಿಲ್ಲ, ಬೆಂಗಳೂರು ಲೀಗ್ ಆಡ್ಬೇಕು ಅಂದ್ರೆ ರಾತ್ರಿ ಬಸ್ ಹತ್ಬೇಕು, ಅಲ್ಲಿ ಉಳ್ಕಳಕ್ಕೆ ಯಾರ ಮನೆ ಐತೆ ಅಂತ ನೋಡ್ಬೇಕು. ಇಂಥಾ ಊರಿಂದ ಒಬ್ಬ ಹೋಗಿ ಕರ್ನಾಟಕ ಟೀಮಿಗೆ ಕ್ಯಾಪ್ಟನ್ ಆದ, ಇಂಡಿಯಾ ಕ್ಯಾಪ್ ಹಾಕ್ದ. ಅವ್ರು ಸೆಲೆಕ್ಟ್ ಆದ್ಮೇಲೆ ದಾವಣಗೆರೇಲಿ ಎಷ್ಟು ಅಪ್ಪಂದಿರು ಮಕ್ಕಳಿಗೆ ಕ್ರಿಕೆಟ್ ಕಿಟ್ ಕೊಡಿಸಿದ್ರು ಅಂತ ಅಂಗಡಿಯವ್ರನ್ನ ಕೇಳ್ರಿ. ನಮ್ಮಪ್ಪನೂ ಕೊಡಿಸ್ದ, ನಾನು ಉದ್ಧಾರ ಆಗ್ಲಿಲ್ಲ, ಅದು ಬೇರೆ ಮಾತು.

ಪೆವಿಲಿಯನ್_ಅಂಕಲ್

ಕ್ಯಾಪ್ಟನ್ಸಿ ಬಗ್ಗೆ ಯಾರೂ ಮಾತಾಡಲಿಲ್ಲ. 1998-99 ಆದಮೇಲೆ ಹದಿನೈದು ವರ್ಷ ರಣಜಿ ಇಲ್ಲ ನಮಗೆ. ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಜೋಶಿ ಎಲ್ಲರೂ ಇದ್ದ ಕಾಲದ ಟೀಮು ಬೇರೆ. ವಿನಯ್ ಕೈಗೆ ಬಂದಾಗ ರಾಹುಲ್, ಕರುಣ್, ಮನೀಶ್, ಶ್ರೇಯಸ್ ಗೋಪಾಲ್ ಎಲ್ಲ ಇಪ್ಪತ್ತರ ಆಜುಬಾಜಿನ ಹುಡುಗರು. 2014ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರನ ಸೋಲಿಸಿ ಗೆದ್ದರು. ಮರುವರ್ಷ ವಾಂಖೆಡೆಯಲ್ಲಿ ತಮಿಳುನಾಡು ಮೇಲೆ ಫೈನಲ್. ಮೊದಲು ಅವರನ್ನ 134ಕ್ಕೆ ಕಟ್ಟಿ ಹಾಕಿದ್ದು ಯಾರು, ವಿನಯ್, 34ಕ್ಕೆ 5. ಆಮೇಲೆ ನಮ್ಮದು 84ಕ್ಕೆ 5 ಆಗಿ ಎದೆ ಧಸಕ್ ಅಂದಿತ್ತು, ಕರುಣ್ 328, ರಾಹುಲ್ 188, ಇಬ್ಬರೂ ಸೇರಿ ಎತ್ತಿದ್ರು. ಅವರೆಲ್ಲ ಆದ ಮೇಲೆ ಕ್ಯಾಪ್ಟನ್ ಬಂದು ತಾನೂ ಔಟಾಗದೆ 105. ಫೈನಲ್‌ನಲ್ಲಿ ಐದು ವಿಕೆಟ್ಟೂ ಸೆಂಚುರಿಯೂ ಒಬ್ಬನದೇ!

ವೇಗದ ಬೌಲರುಗಳು ಕ್ಯಾಪ್ಟನ್ ಆದರೆ ಒಂದೋ ತಾವೇ ಬೌಲಿಂಗ್ ಹಾಕ್ತಾ ಹೋಗ್ತಾರೆ, ಇಲ್ಲ ತಮ್ಮನ್ನೇ ಮರೀತಾರೆ. ವಿನಯ್ ಹತ್ರ ಈ ಎರಡೂ ಇರಲಿಲ್ಲ. ಮಿಥುನ್‌ಗೆ ಮೂರು ನಾಲ್ಕು ಓವರಿನ ಸ್ಪೆಲ್, ಎಡಗೈ ಅರವಿಂದನಿಗೆ ಹಳೇ ಬಾಲು, ತನಗೆ ಬೆಳಿಗ್ಗೆ ಮೊದಲ ಗಂಟೆ. ಆ ಮೂವರ ಹೆಸರು ಒಟ್ಟಿಗೇ ಹೇಳಬೇಕು ನಾವು.

ಕುಡ್ಲ_ಕಟ್ಟರ್

ಆ ಫೈನಲಲ್ಲಿ 762 ತನಕ ಬ್ಯಾಟ್ ಮಾಡಿದ್ದು ಸ್ವಲ್ಪ ಬೋರ್ ಆಯ್ತು ಮಾತ್ರ, ಡಿಕ್ಲೇರ್ ಮಾಡ್ಬಹುದಿತ್ತು. ತಮಿಳುನಾಡಿನವರ ಮುಖ ನೋಡ್ಲಿಕ್ಕಾಗ್ತಿರ್ಲಿಲ್ಲ.

ಬಸವನಗುಡಿ_ಬೌನ್ಸರ್

ತಮಿಳುನಾಡು ಮೇಲೆ ಯಾಕೆ ಡಿಕ್ಲೇರ್ ಮಾಡ್ಬೇಕು ಮಗಾ. ಇನ್ನೂರು ಜಾಸ್ತಿ ಹೊಡೀಬೇಕಿತ್ತು. ಇನ್ನಿಂಗ್ಸ್ ಮತ್ತು 217 ರನ್ ಅನ್ನೋದನ್ನ ನಾನು ವಾಟ್ಸಾಪ್ ಸ್ಟೇಟಸ್ ಆಗಿ ಎಷ್ಟು ದಿನ ಇಟ್ಕೊಂಡಿದ್ದೆ.

ಮಸ್ಕತ್_ಕನ್ನಡಿಗ

ಇಲ್ಲಿ ಕೂತ್ಕೊಂಡು ರಣಜಿ ನೋಡೋದಕ್ಕೆ ಇರೋದು ಸ್ಕೋರ್ ಆ್ಯಪ್ ಒಂದೇ, ಟೆಲಿಕಾಸ್ಟ್ ಇರಲ್ಲ. ಸೋ ನನ್ನ ವಿನಯ್ ಕುಮಾರ್ ನೆನಪುಗಳೆಲ್ಲ ಫೋನ್ ಸ್ಕ್ರೀನ್ ರಿಫ್ರೆಶ್ ಮಾಡಿದ್ದೇ. 2017 ಡಿಸೆಂಬರ್, ನಾಗಪುರ, ಕ್ವಾರ್ಟರ್ ಫೈನಲ್, ಮತ್ತೆ ಅದೇ ಮುಂಬೈ. ಅವ್ರ ನೂರನೇ ರಣಜಿ ಮ್ಯಾಚ್. ಸೈಟಲ್ಲಿ ಕೆಲಸ ಮಾಡ್ತಾ ಮೊದಲ ಓವರ್ ನೋಡಿದೆ, ಕೊನೇ ಬಾಲಿಗೆ ಪೃಥ್ವಿ ಶಾ ಔಟ್. ಸರಿ ಅಂತ ಫೋನ್ ಜೇಬಿಗೆ ಹಾಕಿದೆ. ಮತ್ತೆ ತೆಗೆದು ನೋಡ್ತೀನಿ, ಅವ್ರ ಮುಂದಿನ ಓವರಿನ ಮೊದಲ ಎರಡು ಬಾಲಿಗೆ ಇನ್ನೆರಡು. ಹ್ಯಾಟ್ರಿಕ್! ಓವರ್ ಬದಲಾಗಿದ್ದರಿಂದ ನನಗೆ ಹ್ಯಾಟ್ರಿಕ್ ಅಂತ ಹೊಳೆಯೋದೇ ಲೇಟಾಯ್ತು, ಆಮೇಲೆ ಕಿರುಚಿದೆ, ಪಕ್ಕದಲ್ಲಿದ್ದ ಕೇರಳದವ್ನು ಏನಾಯ್ತು ಚೇಟ್ಟಾ ಅಂತ ಓಡಿ ಬಂದ. 34ಕ್ಕೆ 6 ಆ ಇನ್ನಿಂಗ್ಸಲ್ಲಿ.

ಆದ್ರೆ ಅದೇ ತಿಂಗಳು ಕೋಲ್ಕತ್ತದಲ್ಲಿ ವಿದರ್ಭ ಮೇಲೆ ಸೆಮಿಫೈನಲ್ಲು. 198 ಬೇಕು, 111ಕ್ಕೆ 7 ಆಗಿತ್ತು, ಕೊನೇ ದಿನ ಬೆಳಿಗ್ಗೆ ವಿನಯ್, ಶ್ರೇಯಸ್, ಮಿಥುನ್ ಮೂರೂ ಜನ ಬಾರಿಸಿ ಬಾರಿಸಿ ಹತ್ರ ತಂದ್ರು, ಐದು ರನ್ನಲ್ಲಿ ಹೋಯ್ತು. ವಿದರ್ಭದ ಗುರ್ಬಾನಿ 7 ವಿಕೆಟ್. ಮೈಸೂರಲ್ಲಿ ಆರು, ಕೋಲ್ಕತ್ತದಲ್ಲಿ ಐದು. ಆ ದಿನ ಊಟ ಮಾಡ್ಲಿಲ್ಲ ನಾನು, ಸುಳ್ಳಲ್ಲ.

ಆರ್‌ಸಿಬಿ_ಸಂಕಟ

ಪೂಜಾರ ಎಪಿಸೋಡ್ ಯಾರೂ ಹೇಳ್ತಿಲ್ವಲ್ಲ?? 2019 ಜನವರಿ, ಚಿನ್ನಸ್ವಾಮಿ, ಸೌರಾಷ್ಟ್ರ ಸೆಮಿಫೈನಲ್. ಬೌಲರ್ ವಿನಯ್. ಬ್ಯಾಟಿಗೆ ತಾಗಿದ್ದು ನಮ್ ಸ್ಟ್ಯಾಂಡಿಗೇ ಕೇಳಿಸ್ತು, ಅಂಪೈರ್ ಬೆರಳೆತ್ತಲಿಲ್ಲ, ಪೂಜಾರ ನಿಂತೇ ಇದ್ದ, ರೀಪ್ಲೇ ನೋಡಿ ತೀರ್ಪು ಬದಲಿಸೋ ಡಿಆರ್‌ಎಸ್ ಇಲ್ಲ. ಆಗ ಮೂವತ್ತು ಚಿಲ್ಲರೆ, ಕೊನೆಗೆ ಔಟಾಗದೆ 131, ಮ್ಯಾಚ್ ಹೋಯ್ತು. ವಿನಯ್ ಸೊಂಟದ ಮೇಲೆ ಕೈ ಇಟ್ಕೊಂಡು ಅಂಪೈರ್ ಮುಖ ನೋಡ್ತಾ ನಿಂತಿದ್ದು ನೋಡಕ್ಕಾಗ್ಲಿಲ್ಲ. ಮುಂದಿನ ಸೀಸನ್ನಿಗೆ ಪುದುಚೇರಿಗೆ ಹೊರಟ್ರು.

ಹುಬ್ಳಿ_ಮಂದಿ

ಪುದುಚೇರಿಗೆ ಹೋಗಿದ್ದಕ್ಕ ಆವಾಗ ಭಾಳ ಮಂದಿ ಬೈದ್ರು. ನಂಗ ಅದು ತಪ್ಪು ಅನಸಲಿಲ್ಲ. ಇಲ್ಲಿ ಪ್ರಸಿದ್ಧ್ ಕೃಷ್ಣ, ರೋನಿತ್ ಮೋರೆ ಅಂಥಾ ಹೊಸಾ ಬೌಲರ್ ಬಂದಿದ್ರು, ಜಾಗಾ ಬಿಟ್ಟುಕೊಟ್ಟ. ಮೂವತ್ತೈದರ ಮ್ಯಾಲೆ ಹೊಸಾ ಟೀಮಿಗೆ ಹೋಗಿ ಬೌಲಿಂಗೂ ಹಾಕಿ ಆ ಹುಡುಗ್ರಿಗೆ ಹೇಳಿಕೊಡೂದಂದ್ರ ಸಣ್ಣ ಕೆಲಸೇನು.

ನೇರ_ಮಾತು

ಸರಿ ಎಲ್ಲ ಓದಿದೆ. ನನ್ನ ಅಭಿಪ್ರಾಯ ಅದೇ, ಇಂಟರ್ನ್ಯಾಷನಲ್ ಬೌಲರಾಗಿ ಸಾಧಾರಣ. ದೆಹಲೀಲಿ ಇಂಗ್ಲೆಂಡ್ ಮೇಲೆ 30ಕ್ಕೆ 4 ತಗೊಂಡಿದ್ದು ಬಿಟ್ರೆ ಹೇಳ್ಕೊಳ್ಳೋ ಸ್ಪೆಲ್ ಕಮ್ಮಿ. ಆದ್ರೆ ಒಂದು ಪ್ರಶ್ನೆ, 442 ವಿಕೆಟ್ ತಗೊಂಡವನಿಗೆ ಕೆಎಸ್‌ಸಿಎ (ನಮ್ಮ ರಾಜ್ಯ ಕ್ರಿಕೆಟ್ ಸಂಸ್ಥೆ) ಒಂದು ವಿದಾಯ ಸಮಾರಂಭನಾದ್ರೂ ಮಾಡ್ಬೇಕಾ ಬೇಡ್ವಾ? ಮಾಡ್ಲೇಬೇಕು. ಅಷ್ಟಕ್ಕೆ ನನ್ನ ಸಹಿನೂ ಹಾಕ್ಕೊಳ್ಳಿ.

ಹರಿಹರದ_ಹುಡುಗ

ಅಬ್ಬಾ ನೇರಮಾತು ಸಹಿ ಹಾಕ್ದ, ಸ್ಕ್ರೀನ್‌ಶಾಟ್ ತಗಳ್ರಪ್ಪ ಯಾರಾದ್ರೂ.

ಪೆವಿಲಿಯನ್_ಅಂಕಲ್

ಈ ವರ್ಷ ರಣಜಿಯೇ ಇಲ್ಲ ಕೊರೋನಾ ಅಂತ, 87 ವರ್ಷದಲ್ಲಿ ಮೊದಲ ಸಲ. ಇದ್ದಿದ್ದರೆ ಒಂದು ಬೆಳಿಗ್ಗೆ ಮೈದಾನದಲ್ಲಿ ನಿಂತು ಚಪ್ಪಾಳೆ ಹೊಡೀಬಹುದಿತ್ತು. ಇನ್ನು ಮುಂದೆ ನಡೆಯೋ ಮೊದಲ ರಣಜಿ ಮ್ಯಾಚಿಗೆ ಕರೆಸಲಿ, ಟೀ ಬ್ರೇಕಲ್ಲಿ ಒಂದು ರೌಂಡ್ ಹೊಡೆಸಲಿ, ಪಕ್ಕದಲ್ಲಿ ಅರವಿಂದನೂ ಇರಲಿ. ಸನ್ಮಾನ ಅಂತ ಪೇಟ, ಹಣ್ಣಿನ ಬುಟ್ಟಿ, ಮಂತ್ರಿಗಳ ಭಾಷಣ ಬೇಡ.

ಗಂಗೋತ್ರಿ_2010

ಮೈಸೂರಲ್ಲಿ ಮಾಡ್ಲಿ ಅಂಕಲ್. ಎಲ್ಲಾ ಬೆಂಗಳೂರಲ್ಲೇ ಯಾಕೆ.

ಹರಿಹರದ_ಹುಡುಗ

ಮೈಸೂರು ಯಾಕಕ್ಕ, ದಾವಣಗೆರೇಲಿ ಮಾಡ್ಲಿ! ಊಟದ ಜವಾಬ್ದಾರಿ ನಮ್ದು.

ಬಸವನಗುಡಿ_ಬೌನ್ಸರ್

ದಾವಣಗೆರೆ ಊಟ ಅಂದ್ರೆ ಬೆಣ್ಣೆ ದೋಸೆ ಅಂತ ಯಾರೋ ಹೇಳೇ ಹೇಳ್ತಾರೆ ಅಂತ ಅಂದ್ಕೊಂಡಿದ್ದೆ, ಇಷ್ಟು ಹೊತ್ತು ಯಾರೂ ಹೇಳ್ಲಿಲ್ಲ ಆಶ್ಚರ್ಯ. ಅದಿರ್ಲಿ, ಇವತ್ತು ಹಜಾರೆಲಿ ಕೇರಳ ಮೇಲೆ ಪಡಿಕ್ಕಲ್ ಮತ್ತೆ ಸೆಂಚುರಿ ನೋಡಿದ್ರಾ, 126 ನಾಟೌಟ್, ಒಡಿಶಾ ಮೇಲೆ 152 ಹೊಡೆದು ಎರಡು ದಿನ ಆಗಿಲ್ಲ ಇನ್ನೂ. ಭಾನುವಾರ ರೈಲ್ವೇಸ್. ಅದಕ್ಕೆ ಬೇರೆ ಥ್ರೆಡ್ ಹಾಕ್ತೀನಿ, ಎಲ್ರೂ ಅಲ್ಲಿಗೆ ಬನ್ನಿ, ನೇರಮಾತು ನೀನೂ ಬಾ.